ಕಿಡ್ನಿ ಡಯಟ್‌ನಲ್ಲಿ ಬ್ರೆಡ್ ಪುಡಿ ಹಚ್ಚಿದ ಚಿಕನ್

ಕಿಡ್ನಿ ತೊಂದರೆ ಇದ್ದರೆ ಗರಿಗರಿ ಚಿಕನ್ ಪೂರ್ತಿ ಬಿಡಬೇಕು ಅಂತೇನಿಲ್ಲ. ಬಿಡಬೇಕಾದದ್ದು ಫ್ರೀಜರ್‌ನಲ್ಲಿ ಸಿಗುವ ರೆಡಿ ಪ್ಯಾಕೆಟ್. ಅದರಲ್ಲಿ ಉಪ್ಪು ಜಾಸ್ತಿ ಅನ್ನೋದು ಎಲ್ಲರಿಗೂ ಗೊತ್ತು. ಫಾಸ್ಫೇಟ್ ಕಡೆ, ಅಂದರೆ ರಂಜಕ (ಫಾಸ್ಫರಸ್) ಇರುವ ಲವಣದ ಕಡೆ ಮಾತ್ರ ಯಾರೂ ನೋಡುವುದಿಲ್ಲ. ಕಿಡ್ನಿ ಸೋತಾಗ ರಂಜಕ ಮೈಯಿಂದ ಸರಿಯಾಗಿ ಹೊರಹೋಗುವುದಿಲ್ಲ. ಮಾಂಸ ಒಣಗದಿರಲಿ ಅಂತ ಇದನ್ನು ಸೇರಿಸುತ್ತಾರೆ. ಮಾಂಸದಲ್ಲಿ ಸಹಜವಾಗಿರುವ ರಂಜಕಕ್ಕಿಂತ ಹೀಗೆ ಸೇರಿಸಿದ್ದು ಮೈಗೆ ಬೇಗ, ಹೆಚ್ಚು ಹತ್ತುತ್ತದೆ. ಲೇಬಲ್‌ನಲ್ಲಿ ‘ಫಾಸ್’ ಅಂತ ಬರುವ ಯಾವುದೇ ಹೆಸರು ಅಥವಾ 450, 451, 452 ಸಂಖ್ಯೆ ಕಂಡರೆ ಪ್ಯಾಕೆಟ್ ವಾಪಸ್ ಇಟ್ಟುಬಿಡಿ. ಹಸಿ ಚಿಕನ್‌ಗೂ ಕೆಲವೊಮ್ಮೆ ಉಪ್ಪುನೀರು ಚುಚ್ಚಿರುತ್ತಾರೆ, ಅದನ್ನೂ ಓದಿ ನೋಡಿ.

ಮನೆಯಲ್ಲಿ ಮಾಡೋದು ಸುಲಭ. ಎದೆಯ ಭಾಗವನ್ನು ತೆಳುವಾಗಿ ಕತ್ತರಿಸಿ, ಮೊಟ್ಟೆಯ ಬಿಳಿಭಾಗದಲ್ಲಿ ಅದ್ದಿ. ಹಳದಿಯಲ್ಲಿ ರಂಜಕ ಜಾಸ್ತಿ, ಅಂಟಲು ಬಿಳಿಯೇ ಸಾಕು. ಉಪ್ಪಿಲ್ಲದ ಬಿಳಿ ಬ್ರೆಡ್ ಸಿಕ್ಕರೆ ಒಣಗಿಸಿ ತರಿತರಿಯಾಗಿ ಪುಡಿ ಮಾಡಿಕೊಳ್ಳಿ. ಅದಕ್ಕೆ ಕಾಳುಮೆಣಸು, ಬೆಳ್ಳುಳ್ಳಿ ಪುಡಿ ಬೆರೆಸಿ. ಬೆಳ್ಳುಳ್ಳಿ ಉಪ್ಪು ಅಲ್ಲ, ಪುಡಿ! ಚಿಕನ್ ಮೇಲೆ ಅದನ್ನು ಒತ್ತಿ ಹಚ್ಚಿ, ಸ್ವಲ್ಪ ಎಣ್ಣೆ ಸವರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ. ಒಳಗೆ 74 ಡಿಗ್ರಿ ಮುಟ್ಟಿದರೆ ಬೆಂದಿದೆ. ತಿನ್ನುವಾಗ ನಿಂಬೆರಸ ಹಿಂಡಿದರೆ ಉಪ್ಪು ಅಷ್ಟಾಗಿ ನೆನಪಾಗುವುದಿಲ್ಲ.

‘ಕಡಿಮೆ ಸೋಡಿಯಂ’ ಉಪ್ಪು ಬಳಸೋಣ ಅನ್ಕೊಂಡ್ರಾ? ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಸೋತ ಕಿಡ್ನಿಗೆ ಪೊಟ್ಯಾಸಿಯಂ ಹೊರಹಾಕುವುದೂ ಕಷ್ಟ. ಹಾಗಾಗಿ ವೈದ್ಯರನ್ನು ಕೇಳದೆ ಬೇಡ. ಕೆಚಪ್ ಕೂಡ ದೂರ ಇರಲಿ.

ಎಷ್ಟು ತಿನ್ನಬೇಕು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಡಯಾಲಿಸಿಸ್‌ಗೆ ಮುಂಚೆ ಸಾಮಾನ್ಯವಾಗಿ ಪ್ರೊಟೀನ್ ಮಿತಿಯಲ್ಲಿರಬೇಕು, ಶುರುವಾದ ಮೇಲೆ ಹೆಚ್ಚು ಬೇಕಾಗುತ್ತದೆ. ನಿಮ್ಮ ಅಳತೆಯನ್ನು ಡಯಟಿಷಿಯನ್ ಹತ್ತಿರವೇ ಕೇಳಿಕೊಳ್ಳಿ.