ಹಳೇ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಹಾಕುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಸ್ಪೀಡ್ ಜಾಸ್ತಿ ಆಗುತ್ತದೆ ಅಂತ ಇದಕ್ಕೆ ಕೈಹಾಕಬೇಡಿ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮನೆಗಳ ಮುರಕಲ್ಲಿನ ದಪ್ಪ ಗೋಡೆ ದಾಟಿಸುವ ಫರ್ಮ್‌ವೇರ್ (ರೌಟರಿನೊಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್) ಯಾವುದೂ ಇಲ್ಲ. ಒಳಕೋಣೆಗೆ ಸಿಗ್ನಲ್ ಬೇಕಾದರೆ ಕೇಬಲ್ ಎಳೆದು ಅಲ್ಲೊಂದು ರೌಟರ್ ಇಡುವುದೇ ಸರಿ. ಓಪನ್‌ಡಬ್ಲ್ಯುಆರ್‌ಟಿ ಅಂದರೆ ಕಂಪನಿಯ ಫರ್ಮ್‌ವೇರಿನ ಬದಲು ಹಾಕುವ ಇನ್ನೊಂದು ಫರ್ಮ್‌ವೇರ್, ಅದನ್ನು ಹಾಕುವುದು ಅಪ್‌ಡೇಟಿಗಾಗಿ. ಕಂಪನಿಯವರು ಕೆಲವು ವರ್ಷ ಆದ ಮೇಲೆ ಹಳೇ ಮಾಡೆಲನ್ನು ಮರೆತುಬಿಡುತ್ತಾರೆ, ಆಮೇಲೆ ಸಿಕ್ಕ ಭದ್ರತೆಯ ತೂತುಗಳಿಗೆ ತೇಪೆ ಹಾಕುವವರೇ ಇಲ್ಲ. 2004ರಿಂದ ನಡೆಯುತ್ತಿರುವ ಈ ಓಪನ್ ಸೋರ್ಸ್ ಕೆಲಸದಲ್ಲಿ ಆ ತೇಪೆ ಬರುತ್ತಲೇ ಇರುತ್ತದೆ.

ಕೇಬಲ್‌ನವರು ಫೈಬರ್ ಸಿಕ್ಕಿಸಿ ಗೋಡೆಗೆ ಹೊಡೆದು ಹೋದ ಪೆಟ್ಟಿಗೆ ಇದೆಯಲ್ಲ, ಅದೇ ಓಎನ್‌ಟಿ, ಅದರ ಫರ್ಮ್‌ವೇರ್ ಮುಟ್ಟಬೇಡಿ. ಅದು ಕೆಟ್ಟರೆ ನೆಟ್ಟೇ ಹೋಯಿತು. ಅದರ ಲ್ಯಾನ್ ಪೋರ್ಟಿನಿಂದ ನಿಮ್ಮದೇ ರೌಟರಿನ ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟಿಗೆ ಕೇಬಲ್ ಕೊಟ್ಟು, ಕೆಲಸ ಎಲ್ಲ ಮುಗಿದ ಮೇಲೆ ಓಎನ್‌ಟಿಯ ವೈಫೈ ಆಫ್ ಮಾಡಿದರೆ ಸಾಕು.

ಈಗ ನಿಮ್ಮ ರೌಟರನ್ನು ತಿರುಗಿಸಿ ಅಡಿಯ ಸ್ಟಿಕ್ಕರ್ ಓದಿ. ಮಾಡೆಲ್ ಹೆಸರು ಸಾಲದು, ಪಕ್ಕದಲ್ಲಿ ಸಣ್ಣದಾಗಿ ಬರೆದ ವರ್ಷನ್ ಮುಖ್ಯ. ಟಿಪಿ-ಲಿಂಕ್ ಆರ್ಚರ್ ಸಿ6 ತಗೊಳ್ಳಿ, ವಿ2ರಲ್ಲಿ ಕ್ವಾಲ್‌ಕಾಮ್ ಚಿಪ್, ವಿ3ರಲ್ಲಿ ಮೀಡಿಯಾಟೆಕ್. ಒಂದರ ಫೈಲ್ ಇನ್ನೊಂದಕ್ಕೆ ಆಗುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಸೈಟಿನ ಫರ್ಮ್‌ವೇರ್ ಸೆಲೆಕ್ಟರ್‌ನಲ್ಲಿ ನಿಮ್ಮ ಮಾಡೆಲ್, ವರ್ಷನ್ ಎರಡೂ ಸರಿಯಾಗಿ ಸಿಕ್ಕಿದರೆ ಮಾತ್ರ ಮುಂದುವರಿಯಿರಿ. 4 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ), 32 ಎಂಬಿ ರ‍್ಯಾಮ್ ಇರುವ ಹಳೇ ಸಣ್ಣ ರೌಟರುಗಳಿಗೆ ಹೊಸ ಆವೃತ್ತಿ ಹಿಡಿಸುವುದಿಲ್ಲ.

ಮೊದಲ ಸಲ ಹಾಕುವಾಗ ಸಾಮಾನ್ಯವಾಗಿ ಬೇಕಾದದ್ದು 'ಫ್ಯಾಕ್ಟರಿ' ಫೈಲ್, 'ಸಿಸ್‌ಅಪ್‌ಗ್ರೇಡ್' ಆಮೇಲಿನ ಅಪ್‌ಡೇಟುಗಳಿಗೆ. ಆದರೂ ನಿಮ್ಮ ಮಾಡೆಲಿನ ಪುಟವನ್ನು ಒಮ್ಮೆ ಪೂರ್ತಿ ಓದಿ, ಕೆಲವಕ್ಕೆ ದಾರಿಯೇ ಬೇರೆ. ಡೌನ್‌ಲೋಡ್ ಆದ ಫೈಲಿನ ಎಸ್‌ಎಚ್‌ಎ256 (ಫೈಲ್ ಸರಿಯಾಗಿ ಬಂದಿದೆಯಾ ಅಂತ ತಿಳಿಸುವ ಉದ್ದದ ಸಂಕೇತ) ಸೈಟಿನಲ್ಲಿ ಕೊಟ್ಟದ್ದಕ್ಕೆ ತಾಳೆ ನೋಡಿ. ಕಂಪ್ಯೂಟರನ್ನು ಲ್ಯಾನ್ ಕೇಬಲಿನಲ್ಲೇ ಜೋಡಿಸಿ, ಓಎನ್‌ಟಿಯ ಕೇಬಲ್ ಸದ್ಯಕ್ಕೆ ಬಿಚ್ಚಿಡಿ, ಹಳೇ ಅಡ್ಮಿನ್ ಪುಟದ ಫರ್ಮ್‌ವೇರ್ ಅಪ್‌ಗ್ರೇಡ್‌ನಲ್ಲಿ ಫೈಲ್ ಕೊಡಿ. ನಡುವೆ ಕರೆಂಟ್ ಹೋದರೆ ರೌಟರ್ ಸತ್ತಂತೆ. ಹಾಗಾಗಿ ಇನ್ವರ್ಟರ್ ಲೈನಿಗೆ ಹಾಕಿ, ತುಲಾಮಾಸದ ಸಂಜೆ ಗುಡುಗು ಶುರುವಾಗಿದ್ದರೆ ನಾಳೆ ಬೆಳಿಗ್ಗೆ ನೋಡಿಕೊಂಡರಾಯಿತು.

ರೌಟರ್ ಮತ್ತೆ ಎದ್ದ ಮೇಲೆ ಬ್ರೌಸರಿನಲ್ಲಿ 192.168.1.1 ಕೊಟ್ಟರೆ ಲೂಸಿ, ಅಂದರೆ ಓಪನ್‌ಡಬ್ಲ್ಯುಆರ್‌ಟಿಯ ಸೆಟ್ಟಿಂಗ್ ಪುಟ, ತೆರೆಯುತ್ತದೆ. ಯೂಸರ್ 'ರೂಟ್', ಪಾಸ್‌ವರ್ಡ್ ಇಲ್ಲವೇ ಇಲ್ಲ! ಮೊದಲು ಅದನ್ನು ಇಡಿ. ತುಂಬ ಜನ ಸಿಕ್ಕಿಕೊಳ್ಳುವುದು ಇದರ ನಂತರ: ಓಎನ್‌ಟಿಯ ವಿಳಾಸವೂ ಹೆಚ್ಚಾಗಿ 192.168.1.1 ಆಗಿರುತ್ತದೆ, ಎರಡೂ ಒಂದೇ ಆದರೆ ನೆಟ್ ಬರುವುದಿಲ್ಲ. ನಿಮ್ಮ ರೌಟರಿನ ಲ್ಯಾನ್ ವಿಳಾಸವನ್ನು 192.168.10.1 ಅಂತ ಬದಲಿಸಿ. ಸೇವ್ ಮಾಡಿದ 90 ಸೆಕೆಂಡಿನೊಳಗೆ ಹೊಸ ವಿಳಾಸದಲ್ಲಿ ಲಾಗಿನ್ ಆಗದಿದ್ದರೆ ಲೂಸಿ ತಾನೇ ಹಳೇದಕ್ಕೆ ಮರಳುತ್ತದೆ, ಕೆಟ್ಟುಹೋಯಿತು ಅಂತ ಗಾಬರಿ ಬೇಡ. ಕೇಬಲ್ ತೆಗೆದು ಮತ್ತೆ ಸಿಕ್ಕಿಸಿದರೆ ಕಂಪ್ಯೂಟರಿಗೆ ಹೊಸ ಐಪಿ ಸಿಗುತ್ತದೆ. ಇದಾದ ಮೇಲೆ ಓಎನ್‌ಟಿಯ ಕೇಬಲ್ ಸಿಕ್ಕಿಸಿ.

ವೈಫೈ ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ. ದೇಶ ಭಾರತ ಅಂತ ಕೊಟ್ಟು, ಡಬ್ಲ್ಯುಪಿಎ3 (ವೈಫೈಗೆ ಬೀಗ ಹಾಕುವ ಹೊಸ ವಿಧಾನ, ಹಳೇದು ಡಬ್ಲ್ಯುಪಿಎ2) ಆರಿಸಿ ಆನ್ ಮಾಡಿ. ಅಜ್ಜನ ಹಳೇ ಫೋನ್ ಕನೆಕ್ಟ್ ಆಗದಿದ್ದರೆ ಡಬ್ಲ್ಯುಪಿಎ2, 3 ಎರಡೂ ಇರುವ ಮಿಕ್ಸೆಡ್ ಮೋಡ್. ಪಾಸ್‌ವರ್ಡಿಗೆ ಮೊಬೈಲ್ ನಂಬರ್ ಬೇಡ, ದಯವಿಟ್ಟು. ಡಬ್ಲ್ಯುಪಿಎ2ರಲ್ಲಿ ಫೋನ್ ಕನೆಕ್ಟ್ ಆಗುವ ಕ್ಷಣದಲ್ಲಿ ಅದಕ್ಕೂ ರೌಟರಿಗೂ ನಡೆಯುವ ಮಾತುಕತೆಯನ್ನು ಹಿಡಿದಿಟ್ಟುಕೊಂಡವನಿಗೆ ಹತ್ತು ಅಂಕಿಯ ನಂಬರುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿದ್ದರೆ ಕೆಲವೇ ಗಂಟೆಗಳ ಕೆಲಸ. ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ, ಕನ್ನಡ, ತುಳು, ಮಲಯಾಳ ಬೆರೆಸಿದರೆ ಇನ್ನೂ ಚೆನ್ನ. ಟೈಪ್ ಮಾಡುವುದು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, 63 ಅಕ್ಷರದವರೆಗೆ ಹಿಡಿಸುತ್ತದೆ. ವೈಫೈ ಹೆಸರು ಅಡಗಿಸಿಡುವುದು ಸುಮ್ನೆ, ಅದನ್ನು ಹುಡುಕುವುದು ಏನೂ ಕಷ್ಟವಲ್ಲ.

ಸಿಸಿಟಿವಿ, ಟಿವಿ, ನೆಂಟರ ಫೋನ್ ಎಲ್ಲ ಬೇರೆ ಗೆಸ್ಟ್ ನೆಟ್‌ವರ್ಕಿಗೆ ಹೋಗಲಿ. ಹೊಸ ಆವೃತ್ತಿ ಬಂದಾಗ ಸಿಸ್‌ಅಪ್‌ಗ್ರೇಡ್ ಕೊಡಿ, 'ಕೀಪ್ ಸೆಟ್ಟಿಂಗ್ಸ್' ಟಿಕ್ ಇರಲಿ, ಅದಕ್ಕೂ ಮೊದಲು ಬ್ಯಾಕಪ್.

ನಿಮ್ಮ ಮಾಡೆಲ್ ಪಟ್ಟಿಯಲ್ಲೇ ಇಲ್ಲವಾ? ಹಠ ಬೇಡ. ಕಂಪನಿಯ ಫರ್ಮ್‌ವೇರಿನಲ್ಲೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ವೈಫೈ ಪಾಸ್‌ವರ್ಡಿನ ಬದಲು ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಕನೆಕ್ಟ್ ಆಗುವ ವ್ಯವಸ್ಥೆ) ಮತ್ತು ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರಿನ ಸೆಟ್ಟಿಂಗ್ ತೆರೆಯುವುದು) ಆಫ್ ಮಾಡಿ. ಡಬ್ಲ್ಯುಪಿಎಸ್‌ನ ಎಂಟಂಕಿಯ ಪಿನ್ನನ್ನು ಹೆಚ್ಚೆಂದರೆ 11,000 ಸಲದಲ್ಲಿ ಊಹಿಸಬಹುದು ಅಂತ 2011ರಲ್ಲೇ ಗೊತ್ತಾಗಿದೆ, ಆದರೂ ಅದನ್ನು ಆನ್ ಇಟ್ಟೇ ಮಾರಿದ ರೌಟರುಗಳು ಎಷ್ಟೋ ಮನೆಗಳಲ್ಲಿವೆ.