ಕನೆಕ್ಷನ್ ಕಳಿಸಲು ಸ್ಕ್ರಿಪ್ಟ್ ಬೇಡ

ಮೈಸೂರಲ್ಲಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಬ್ರೌಸರ್‌ನಲ್ಲಿ ಕೋಡ್ ಓಡಿಸುವ ಜಾಗವಾದ ಕನ್ಸೋಲ್‌ನಲ್ಲಿ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಕೋಡ್ (ಸ್ಕ್ರಿಪ್ಟ್) ಹಾಕಿದರೆ ಲಿಂಕ್ಡ್‌ಇನ್‌ನ ‘ಕನೆಕ್ಟ್’ (ಪರಿಚಯ ಕೋರುವ) ಬಟನ್ ತಾನಾಗಿ ಒತ್ತಿಕೊಳ್ಳುತ್ತದೆ, ನಿಜ. ಆದರೂ ದಯವಿಟ್ಟು ಬೇಡ. ಅಲ್ಲಿನ ನಿಯಮದಲ್ಲೇ ಇಂಥ ತಾನಾಗಿ ಕೆಲಸ ಮಾಡುವ ಬಾಟ್‌ಗಳಿಗೆ ಅವಕಾಶವಿಲ್ಲ, ಖಾತೆಯನ್ನೇ ತಡೆಹಿಡಿಯಬಹುದು. ನೀವು ಆಗಲೇ ಲಾಗಿನ್ ಆಗಿರುತ್ತೀರಿ ಅಲ್ವಾ? ಎಲ್ಲಿಂದಲೋ ತಂದ ಕೋಡ್ ನಿಮ್ಮ ಹೆಸರಲ್ಲಿ ಬೇರೆ ಏನನ್ನಾದರೂ ಮಾಡಬಹುದು.

ನಾನು ದಿನಕ್ಕೆ ಐದು ಜನಕ್ಕೆ ಮಾತ್ರ ಕನೆಕ್ಷನ್ ರಿಕ್ವೆಸ್ಟ್ ಕಳಿಸುತ್ತೇನೆ. ಮೊದಲು ಕಾಲೇಜಿನ ಸೀನಿಯರ್‌ಗಳು, ಆಮೇಲೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ಇರುವವರು. ಎಲ್ಲಿ ಓದಿದೆ, ಯಾಕೆ ಪರಿಚಯ ಬೇಕು ಅಂತ ರಿಕ್ವೆಸ್ಟ್ ಜೊತೆ ಎರಡು ಸಾಲಿನ ನೋಟ್ ಬರೆಯಿರಿ. ಉಚಿತ ಖಾತೆಗೆ ತಿಂಗಳಿಗೆ ಕೆಲವೇ ನೋಟ್ ಸಿಗುತ್ತವೆ, ಸುಮ್ನೆ ಖರ್ಚು ಮಾಡಬೇಡಿ. ಉತ್ತರ ಬರದ ಹಳೇ ರಿಕ್ವೆಸ್ಟ್ ವಾಪಸ್ ತೆಗೆದರೆ ಅದೇ ವ್ಯಕ್ತಿಗೆ 3 ವಾರದವರೆಗೆ ಮತ್ತೆ ಕಳಿಸಲು ಆಗದಿರಬಹುದು, ನೋಡಿಕೊಂಡು ತೆಗೆಯಿರಿ.