ಬೆಂಗಳೂರಿಗೆ ಬಂದಿದ್ದೀರಾ? ಒಂದು ಬೆಳಗ್ಗೆಗೆ ಒಂದೇ ಬಡಾವಣೆ

ಮೂರು ವರ್ಷದ ಹಿಂದೆ ತರೀಕೆರೆಯಿಂದ ನಮ್ಮ ಚಿಕ್ಕಪ್ಪ ಬಂದಿದ್ದರು. ಬೆಂಗಳೂರು ತೋರಿಸಬೇಕಲ್ಲ ಅಂತ ಬಾಡಿಗೆ ಕಾರು ಮಾಡಿ, ಒಂದೇ ದಿನಕ್ಕೆ ಏಳು ಜಾಗ ಇಟ್ಟುಕೊಂಡೆ. ವಿಧಾನಸೌಧ, ಲಾಲ್‌ಬಾಗ್, ದೊಡ್ಡ ಬಸವಣ್ಣ, ಅರಮನೆ, ಹೀಗೆ. ರಾತ್ರಿ ಊಟಕ್ಕೆ ಕೂತಾಗ "ಹೇಗಿತ್ತು ಚಿಕ್ಕಪ್ಪ?" ಅಂದೆ. "ಚೆನ್ನಾಗಿತ್ತಮ್ಮ. ಮುಂದಿನ ಗಾಡಿಗಳ ನಂಬರ್ ಪ್ಲೇಟೆಲ್ಲ ಬಾಯಿಪಾಠ ಆಯ್ತು" ಅಂದರು.

ಆ ಮಾತು ಚುಚ್ಚಿತು. ಮಾರನೇ ದಿನ ಕಾರು ಬಿಟ್ಟು, ಬೆಳಗ್ಗೆ ಐದೂವರೆಗೆ ಅವರನ್ನು ಎಬ್ಬಿಸಿ, ರಾಜಾಜಿನಗರದ ನಮ್ಮ ಮನೆಯಿಂದ ಮೆಟ್ರೊ ಹತ್ತಿಸಿ ಸಿಟಿ ಮಾರ್ಕೆಟ್‌ಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ತನಕ ಅಲ್ಲೇ ಸುತ್ತಿದೆವು. ಅವರು ಇವತ್ತಿಗೂ ಮಾತಾಡುವುದು ಆ ಅರ್ಧ ದಿನದ ಬಗ್ಗೆ ಮಾತ್ರ. ಅವತ್ತಿನಿಂದ ನಮ್ಮ ಮನೆಗೆ ಯಾರೇ ಬಂದರೂ ನಾನು ಹೇಳುವುದು ಒಂದೇ. ಒಂದು ಬೆಳಗ್ಗೆಗೆ ಒಂದು ಬಡಾವಣೆ, ಅದೂ ಕಾಲ್ನಡಿಗೆಯಲ್ಲಿ. ಸಂಜೆ ಇನ್ನೊಂದು ಬೇಕಿದ್ದರೆ ನೋಡೋಣ.

ಹೊರಡುವ ಮೊದಲು ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಬೆಂಗಳೂರು ಮೊದಲಿಂದ ಒಂದೇ ಊರಲ್ಲ, ಎರಡು. ಒಂದು ಕೆಂಪೇಗೌಡರು 1537ರಲ್ಲಿ ಕಟ್ಟಿದರು ಅನ್ನುವ ಪೇಟೆ. ಇನ್ನೊಂದು 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ಬೀಡುಬಿಟ್ಟ ಕಂಟೋನ್ಮೆಂಟ್. ಹಳಬರು ಅದನ್ನು ದಂಡು ಅನ್ನುತ್ತಿದ್ದರು. ರೈಲ್ವೆ ಸ್ಟೇಷನ್ ಬೋರ್ಡಿನಲ್ಲಿ ಈಗಲೂ 'ಬೆಂಗಳೂರು ದಂಡು' ಅಂತಲೇ ಇದೆ. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ ಇತ್ತು. 1949ರಲ್ಲಿ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಪೇಟೆಯ ಚಿಕ್ಕಪೇಟೆಯಲ್ಲೂ ದಂಡಿನ ಶಿವಾಜಿನಗರದಲ್ಲೂ ಒಂದೊಂದು ದಿನ ಕಳೆದರೆ ಈ ವ್ಯತ್ಯಾಸ ನಿಮಗೇ ಕಾಣುತ್ತೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಶುರು ಮಾಡುವುದು ಪೇಟೆಯಿಂದ. ಮೆಟ್ರೊದ ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಸಿಟಿ ಮಾರ್ಕೆಟ್ ಅಂದರೆ ಇದೇ. ಆರು ಗಂಟೆಗೆ ಅಲ್ಲಿರಬೇಕು. ಒಂಬತ್ತಕ್ಕೆ ಹೋದರೆ ಹೂವಿನ ಭರಾಟೆ ಮುಗಿದು ಬರೀ ಕಸ ಉಳಿದಿರುತ್ತೆ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತೆ, ಅವತ್ತು ಬೇಡ. ಒಳ್ಳೆ ಚಪ್ಪಲಿ ಮನೆಯಲ್ಲೇ ಬಿಡಿ. ನೆಲವೆಲ್ಲ ನೀರು, ಕೊಳೆತ ಎಸಳು, ಬಾಳೆದಿಂಡಿನ ಸಿಪ್ಪೆ.

ಮೊದಲು ಕಟ್ಟಡದ ಮೇಲಿನ ಮಹಡಿಗೆ ಹತ್ತಿ ಕೆಳಗೆ ನೋಡಿ. ಚೆಂಡುಹೂವಿನ ಹಳದಿ ರಾಶಿ, ಪಕ್ಕದಲ್ಲಿ ಕನಕಾಂಬರ, ಸೇವಂತಿಗೆ, ಬಿಡಿ ಗುಲಾಬಿ, ಮಧ್ಯೆ ತಲೆ ಮೇಲೆ ಮೂಟೆ ಹೊತ್ತು ಓಡುವವರು. ಫೋಟೊ ತೆಗೆಯುವುದಿದ್ದರೆ ಅಲ್ಲಿಂದಲೇ ತೆಗೆದುಬಿಡಿ. ಕೆಳಗೆ ಇಳಿದ ಮೇಲೆ ದಾರಿಗೆ ಅಡ್ಡ ನಿಂತರೆ "ಸೈಡ್, ಸೈಡ್" ಅಂತ ಕೂಗು ಬೀಳುತ್ತೆ. ಅವರ ಹೊಟ್ಟೆಪಾಡಿನ ಹೊತ್ತು ಅದು, ಬೇಜಾರು ಮಾಡಿಕೊಳ್ಳಬೇಡಿ. ಬಿಡಿ ಹೂವು ಕೆಜಿ ಲೆಕ್ಕ. ಕಟ್ಟಿದ ಹೂವು ಮೊಳದ ಲೆಕ್ಕ. ಮೊಳ ಅಂದರೆ ಮಾರುವವರ ಮೊಳಕೈಯಿಂದ ಬೆರಳ ತುದಿಯ ತನಕ, ಅಲ್ವಾ? ಹಾಗಾಗಿ ನಮ್ಮತ್ತೆ ಮಲ್ಲಿಗೆ ಕೊಳ್ಳುವಾಗ ಮೊದಲು ಹೂವು ನೋಡುವುದಿಲ್ಲ, ಉದ್ದ ಕೈಯಿನ ಹೆಂಗಸು ಯಾರು ಅಂತ ನೋಡುತ್ತಾರೆ.

ಅಲ್ಲಿಂದ ಹೊರಬಂದು ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ ತಿಂದು, ಇಬ್ಬರಿದ್ದರೆ ಬೈಟು ಕಾಫಿ ಕುಡಿದು, ಕೋಟೆ ಕಡೆ ನಡೆಯಿರಿ. ಕೋಟೆ ಅಂದರೆ ಉಳಿದಿರುವುದು ಒಂದು ತುಂಡು. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ್ದು ಹೈದರಾಲಿ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಅದನ್ನು ಹಿಡಿಯಿತು. ಟಿಪ್ಪುವಿನ ಬೇಸಿಗೆ ಅರಮನೆ ಮುಗಿದದ್ದೂ ಅದೇ ವರ್ಷ. ತೇಗದ ಕಂಬಗಳ ಎರಡು ಅಂತಸ್ತಿನ ಮನೆ. ಅರಮನೆ ಅನ್ನುವ ಪದ ಕೇಳಿ ಮೈಸೂರಿನದು ನೆನೆಸಿಕೊಂಡರೆ ನಿರಾಸೆ ಆಗುತ್ತೆ. ಮಲೆನಾಡಿನ ದೊಡ್ಡ ಮನೆ ಅಂದುಕೊಂಡು ಹೋಗಿ, ಖುಷಿಯಾಗುತ್ತೆ. ನಮ್ಮ ಚಿಕ್ಕಪ್ಪ ಅಲ್ಲಿ ಕಂಬ ತಟ್ಟಿ ತಟ್ಟಿ ನೋಡುತ್ತಾ ಅರ್ಧ ಗಂಟೆ ಇದ್ದರು. ಪಕ್ಕದಲ್ಲೇ ಕೋಟೆ ವೆಂಕಟರಮಣ ಸ್ವಾಮಿ ಗುಡಿ. ಅರಮನೆಗಿಂತ ನೂರು ವರ್ಷ ಹಳೆಯದು, ಚಿಕ್ಕದೇವರಾಜ ಒಡೆಯರ ಕಾಲದ್ದು.

ಹತ್ತೂವರೆ ಆದ ಮೇಲೆ ಪೇಟೆ ಬೀದಿಗಳಿಗೆ ಹೋಗಿ. ಅದಕ್ಕಿಂತ ಮುಂಚೆ ಅಂಗಡಿಗಳ ಬಾಗಿಲು ತೆಗೆದಿರುವುದಿಲ್ಲ. ಅವೆನ್ಯೂ ರೋಡನ್ನು ಗುರುತಿಗೆ ಇಟ್ಟುಕೊಳ್ಳಿ. ಅದೇ ಹಳೆಯ ದೊಡ್ಡಪೇಟೆ, ಉತ್ತರ ದಕ್ಷಿಣ ಹೋಗುತ್ತೆ. ಅದಕ್ಕೆ ಅಡ್ಡ ಹಾಯುವುದು ಚಿಕ್ಕಪೇಟೆ. ಇವೆರಡೂ ಕೂಡುವ ಚೌಕದಿಂದಲೇ ಕೆಂಪೇಗೌಡರು ನಾಲ್ಕು ಜೋಡಿ ಎತ್ತು ಕಟ್ಟಿಸಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿ, ನೇಗಿಲ ಗೆರೆಯ ಮೇಲೆ ಬೀದಿ ಮಾಡಿಸಿದರು ಅಂತ ಕತೆ. ಕತೆ ನಿಜವೋ ಸುಳ್ಳೋ, ದಾರಿ ತಪ್ಪಿದರೆ ಅವೆನ್ಯೂ ರೋಡ್ ಎಲ್ಲಿ ಅಂತ ಕೇಳಿ. ವಾಪಸ್ ಬರುತ್ತೀರಿ.

ಒಳಗಿನ ಗಲ್ಲಿಗಳಲ್ಲಿ ಹೆಸರು ಓದುತ್ತಾ ನಡೆಯುವುದೇ ಒಂದು ಆಟ. ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಯಾವ ಬೀದಿಯಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಅನ್ನುವುದು ಹೆಸರಿನಲ್ಲೇ ಇದೆ. ಈಗ ಕಸುಬು ಬದಲಾಗಿದೆ. ಕುಂಬಾರಪೇಟೆಯಲ್ಲಿ ಮಡಕೆ ಹುಡುಕಬೇಡಿ. ಬಳೇಪೇಟೆಗೆ ಮಾತ್ರ ಹೋಗಲೇಬೇಕು. ಅಲ್ಲಿ ವಾದ್ಯದ ಅಂಗಡಿಗಳಿವೆ. ವೀಣೆ, ಮೃದಂಗ, ತಬಲಾ, ಹಾರ್ಮೋನಿಯಂ. ಸುಮ್ನೆ ಬಾಗಿಲಲ್ಲಿ ನಿಂತು ಕೇಳಿ. ಗಿರಾಕಿ ಇಲ್ಲದ ಹೊತ್ತಾದರೆ ಮಾತಾಡುತ್ತಾರೆ. ಪುಸ್ತಕದ ಹುಚ್ಚಿದ್ದರೆ ಅವೆನ್ಯೂ ರೋಡಿನ ಹಳೆ ಪುಸ್ತಕಗಳ ಹತ್ತಿರ ಸಮಯ ಹೇಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಅದೇ ರಸ್ತೆಯಲ್ಲಿ ಅಂಗಡಿಗಳ ಮಧ್ಯೆ ಒಂದು ಚರ್ಚ್ ಇದೆ, ರೈಸ್ ಸ್ಮಾರಕ ಚರ್ಚ್. ನಮ್ಮ ನಾಡಿನ ಸಾವಿರಾರು ಶಾಸನ ಹುಡುಕಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ತಂದೆಯ ಹೆಸರಿನದು. ತಲೆ ಎತ್ತದೆ ನಡೆದರೆ ತಪ್ಪಿಹೋಗುತ್ತೆ. ನಾನೇ ಎಷ್ಟೋ ವರ್ಷ ನೋಡಿರಲಿಲ್ಲ.

ಚೈತ್ರದ ಹುಣ್ಣಿಮೆಗೆ ಊರಿನಲ್ಲಿದ್ದರೆ ಅವತ್ತು ರಾತ್ರಿ ನಿದ್ದೆ ಬಿಡಿ. ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ಕರಗ ಹೊರಡುತ್ತೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಹೋಗುವುದು. ಗುಡಿಯ ಬಾಗಿಲಿನ ನೂಕಾಟದಲ್ಲಿ ಸಿಕ್ಕಿಕೊಳ್ಳಬೇಡಿ. ಪೇಟೆಯ ಬೀದಿಯೊಂದರಲ್ಲಿ ಜಗಲಿ ಹಿಡಿದು ಕೂತುಬಿಡಿ, ಅದೇ ನಿಮ್ಮ ಹತ್ತಿರ ಬರುತ್ತೆ.

ಹೆಂಗಸರಿಗೆ ಒಂದು ಮಾತು. ಪೇಟೆಯಲ್ಲಿ ಶೌಚಾಲಯದ್ದೇ ದೊಡ್ಡ ತಲೆನೋವು. ಮೆಟ್ರೊ ನಿಲ್ದಾಣಗಳಲ್ಲಿ ಇದೆ, ಇಳಿದಾಗಲೇ ಮುಗಿಸಿಕೊಳ್ಳಿ. ಇನ್ನೊಂದು, 2023ರ ಜೂನ್‌ನಿಂದ ಕರ್ನಾಟಕದ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ವಿಳಾಸ ಇರುವ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ.

ಎರಡನೇ ಬೆಳಗ್ಗೆ ಬಸವನಗುಡಿ ಅಥವಾ ಮಲ್ಲೇಶ್ವರ. ಎರಡೂ ಅಕ್ಕ ತಂಗಿ ಇದ್ದ ಹಾಗೆ. 1898ರಲ್ಲಿ ಪ್ಲೇಗ್ ಬಂದು ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತರು. ಗಾಳಿ ಬೆಳಕು ಇರುವ ಕಡೆ ಹೋಗೋಣ ಅಂತ ಜನ ಹೊರಟಿದ್ದು ಈ ಎರಡು ಬಡಾವಣೆಗೆ. ಪೇಟೆ ನೋಡಿದ ಮಾರನೇ ದಿನ ಇಲ್ಲಿಗೆ ಬಂದರೆ ಆ ಅಗಲ ರಸ್ತೆ, ಸಾಲು ಮರ ಯಾಕೆ ಅಂತ ಮೈಗೇ ಗೊತ್ತಾಗುತ್ತೆ.

ಬಸವನಗುಡಿಗೆ ನ್ಯಾಷನಲ್ ಕಾಲೇಜ್ ಮೆಟ್ರೊದಲ್ಲಿ ಇಳಿದು ನಡೆಯಿರಿ. ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಅನ್ನುವ ದೋಸೆ ಹೋಟೆಲ್ ಇದೆ, 1943ರದ್ದು. ಶುಕ್ರವಾರ ರಜೆ. ಇದು ಗೊತ್ತಿಲ್ಲದೆ ನೆಂಟರನ್ನು ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲು ನೋಡಿ ಬಂದವಳು ನಾನು. ಶನಿವಾರ ಭಾನುವಾರ ಹೊರಗೆ ಹೆಸರು ಬರೆಸಿ ಕಾಯಬೇಕು, ಹಸಿದ ಮಕ್ಕಳಿದ್ದರೆ ಬೇರೆ ದಿನ ಹೋಗಿ. ಆಮೇಲೆ ಬ್ಯೂಗಲ್ ರಾಕ್, ದೊಡ್ಡ ಗಣೇಶ, ದೊಡ್ಡ ಬಸವಣ್ಣ, ಎಲ್ಲ ಒಟ್ಟಿಗೇ ಇವೆ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಗವಿಪುರಕ್ಕೆ ಇಳಿದು ಗವಿಗಂಗಾಧರೇಶ್ವರನನ್ನು ನೋಡಿ. ಲಾಲ್‌ಬಾಗನ್ನು ಇದೇ ದಿನಕ್ಕೆ ತುರುಕಬೇಡಿ. ಅದು 240 ಎಕರೆ ಇದೆ. ಅಲ್ಲಿನ ಬಂಡೆ ಮೇಲೆ ಕೂತು ಸೂರ್ಯ ಹುಟ್ಟುವುದು ನೋಡಲು ಒಂದು ಬೆಳಗ್ಗೆಯನ್ನೇ ಇಡಿ.

ಮಲ್ಲೇಶ್ವರ ಸಂಜೆಗೂ ಚೆನ್ನ. ಸಂಪಿಗೆ ರಸ್ತೆ, ಎಂಟನೇ ಕ್ರಾಸಿನ ಅಂಗಡಿಗಳು, ಕಾಡು ಮಲ್ಲೇಶ್ವರ. ಈ ಗುಡಿ ಶಿವಾಜಿಯ ಮಲತಮ್ಮ ವೆಂಕೋಜಿಯ ಕಾಲದ್ದು. ಎದುರಿಗೇ ನಂದಿ ತೀರ್ಥ ಇದೆ. ಮಣ್ಣಲ್ಲಿ ಹೂತುಹೋಗಿ 1997ರಲ್ಲಿ ಸಿಕ್ಕಿದ್ದು. ಬಸವನ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತೆ.

ಕ್ರಾಸು ಅಂದೆನಲ್ಲ, ವಿಳಾಸದ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಮೇನ್ ಅಂದರೆ ಉದ್ದ ರಸ್ತೆ, ಕ್ರಾಸ್ ಅಂದರೆ ಅದಕ್ಕೆ ಅಡ್ಡ ಬರುವುದು. ಪ್ರತಿ ಬಡಾವಣೆಗೂ ತನ್ನದೇ ಎಂಟನೇ ಕ್ರಾಸು, ತನ್ನದೇ ನಾಲ್ಕನೇ ಬ್ಲಾಕು ಇರುತ್ತೆ. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಒಂದು ನಾಮಕರಣಕ್ಕೆ ಹೊರಟಿದ್ದೆ. ಆಟೊದವರಿಗೆ "ನಾಲ್ಕನೇ ಬ್ಲಾಕ್" ಅಂದೆ. ರಾಜಾಜಿನಗರದ ನಾಲ್ಕನೇ ಬ್ಲಾಕಿನಲ್ಲಿ ಇಳಿಸಿದರು. ಹೋಗಬೇಕಾಗಿದ್ದು ಜಯನಗರದ ನಾಲ್ಕನೇ ಬ್ಲಾಕಿಗೆ. ಬೆಳ್ಳಿ ಬಟ್ಟಲು ಹಿಡಿದುಕೊಂಡು ಅಲ್ಲಿ ತಲುಪುವ ಹೊತ್ತಿಗೆ ಪಾಯಸ ಮುಗಿದಿತ್ತು. ಬಡಾವಣೆ ಹೆಸರು ಮೊದಲು ಹೇಳಿ, ನಂಬರು ಆಮೇಲೆ.

ದಂಡಿನ ಕಡೆ ಹೋಗಲು ಭಾನುವಾರ ಒಳ್ಳೆಯದು. ಕಾರಣ ಕಬ್ಬನ್ ಪಾರ್ಕ್. ಅವತ್ತು ಅದರೊಳಗೆ ಗಾಡಿ ಬಿಡುವುದಿಲ್ಲ. ಪೇಟೆಗೂ ದಂಡಿಗೂ ನಡುವೆ 1870ರಲ್ಲಿ ಮಾಡಿದ ಪಾರ್ಕು ಇದು. ಹಡ್ಸನ್ ಸರ್ಕಲ್ ಕಡೆಯಿಂದ ಒಳಗೆ ಹೋಗಿ, ಬಿದಿರು ಮೆಳೆ ದಾಟಿ, ಕೆಂಪು ಬಣ್ಣದ ಅಠಾರ ಕಚೇರಿ, ಅಂದರೆ ಈಗಿನ ಹೈಕೋರ್ಟ್ ನೋಡಿ, ಎಂ.ಜಿ. ರೋಡಿನ ಕಡೆ ಹೊರಬನ್ನಿ. ಕಾಲ್ನಡಿಗೆಯಲ್ಲೇ ಒಂದೂರಿಂದ ಇನ್ನೊಂದೂರಿಗೆ ಹೋದ ಹಾಗೆ. ಅಠಾರ ಕಚೇರಿ ಎದುರಿಗೇ ವಿಧಾನಸೌಧ. 1956ರಲ್ಲಿ ಮುಗಿದದ್ದು. ಹೊರಗಿನಿಂದ ನೋಡಿದರೆ ಸಾಕು.

ಅಲ್ಲಿಂದ ಆಟೊದಲ್ಲಿ ಶಿವಾಜಿನಗರ. ಮೀಟರ್ ಹಾಕಿ ಅನ್ನಿ. ಹಾಕದಿದ್ದರೆ ಜಗಳ ಬೇಡ, ಮುಂದಿನದು ನೋಡಿ. ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಗೆ ಸೀರೆ ಉಡಿಸಿರುತ್ತಾರೆ, ಹೂವು ಮೇಣದಬತ್ತಿ ಹಿಡಿದು ಎಲ್ಲ ಜಾತಿಯ ಜನ ಬರುತ್ತಾರೆ. ಸೆಪ್ಟೆಂಬರ್ 8ಕ್ಕೆ ಹಬ್ಬ, ಅವತ್ತು ಕಾಲಿಡಲು ಜಾಗ ಇರುವುದಿಲ್ಲ. ಹತ್ತಿರದಲ್ಲೇ ರಸೆಲ್ ಮಾರ್ಕೆಟ್. ನಮ್ಮ ಚಿಕ್ಕಪ್ಪ ಇಲ್ಲಿ ಒಂದು ಡಜನ್ ಬಾಳೆಹಣ್ಣು ಕೊಳ್ಳುವಷ್ಟರಲ್ಲಿ ತಮಿಳು, ದಖ್ಖನಿ ಉರ್ದು, ಕನ್ನಡ ಮೂರೂ ಕಿವಿಗೆ ಬಿತ್ತು. ನೀವು ಕನ್ನಡದಲ್ಲೇ ಶುರು ಮಾಡಿ, ಅವರೂ ಅದರಲ್ಲೇ ಚೌಕಾಸಿಗೆ ಇಳಿಯುತ್ತಾರೆ. ರಂಜಾನ್ ತಿಂಗಳಾದರೆ ಸಂಜೆ ಫ್ರೇಜರ್ ಟೌನಿನ ಮಾಸ್ಕ್ ರೋಡ್ ಕಡೆ ಹೋಗಿ. ನಮ್ಮದು ಸಸ್ಯಾಹಾರದ ಮನೆ, ನಾನು ಬರೀ ಹಣ್ಣು ತಿಂದು ಜನ ನೋಡಿ ಬಂದೆ. ಅದೂ ಸಾಲುತ್ತೆ.

ಹಲಸೂರು ಮರೆಯಬೇಡಿ. ದಂಡು ಬರುವ ಎಷ್ಟೋ ಮುಂಚೆಯೇ ಅದೊಂದು ಊರು. ಅಲ್ಲಿನ ಸೋಮೇಶ್ವರನ ಗುಡಿ ಮಧ್ಯಾಹ್ನ ಮುಚ್ಚಿರುತ್ತೆ, ಸಂಜೆ ಹೋಗಿ.

ಕೋರಮಂಗಲ, ಇಂದಿರಾನಗರ, ಎಚ್ಎಸ್ಆರ್ ಬಗ್ಗೆ ನನ್ನ ಹತ್ತಿರ ಜಾಸ್ತಿ ಹೇಳುವುದಕ್ಕೆ ಏನೂ ಇಲ್ಲ. ಅಲ್ಲಿಗೆ ನನ್ನ ಮಗಳು ಹೋಗುತ್ತಾಳೆ, ಕಾಫಿಗೆ ಇಷ್ಟು ದುಡ್ಡಾ ಅಂತ ನಾನು ಬಾಯಿ ಬಿಡುತ್ತೇನೆ. ವೈಟ್‌ಫೀಲ್ಡ್ ಬರೀ ಐಟಿ ಕಂಪನಿ ಅಂದುಕೊಂಡಿದ್ದರೆ ಅಲ್ಲಿನ ಇನ್ನರ್ ಸರ್ಕಲ್ ನೋಡಿ ಬನ್ನಿ. 1882ರಲ್ಲಿ ಆಂಗ್ಲೋ ಇಂಡಿಯನ್ನರು ಕಟ್ಟಿಕೊಂಡ ಹಳ್ಳಿ ಅದು. ಬೇಗೂರಿಗೂ ಒಂದು ಸಲ ಹೋಗಿ. ಅಲ್ಲಿ ಸುಮಾರು 890ರ ಒಂದು ವೀರಗಲ್ಲಿನ ಶಾಸನದಲ್ಲಿ 'ಬೆಂಗಳೂರು' ಅನ್ನುವ ಹೆಸರಿದೆ. ಕೆಂಪೇಗೌಡರಿಗಿಂತ ಆರುನೂರು ವರ್ಷ ಹಿಂದೆ!

ಏಪ್ರಿಲ್, ಮೇನಲ್ಲಿ ಸಂಜೆ ನಾಲ್ಕರ ಮೇಲೆ ಮಳೆ ಹೊಡೆಯಬಹುದು, ಛತ್ರಿ ಇರಲಿ. ನವೆಂಬರ್, ಡಿಸೆಂಬರ್ ನಡೆಯಲು ಹೇಳಿ ಮಾಡಿಸಿದ ಹಾಗೆ. ಚಿಕ್ಕಪ್ಪ ಈ ಸಲ ಕಡಲೆಕಾಯಿ ಪರಿಷೆಗೆ ಬರುತ್ತಾರಂತೆ. ಕಾರ್ತಿಕದ ಕೊನೇ ಸೋಮವಾರ, ಬಸವನಗುಡಿಯಲ್ಲಿ. ಸೋಮವಾರ ಬೇಡ ಚಿಕ್ಕಪ್ಪ, ಭಾನುವಾರ ಬೆಳಗ್ಗೆಯೇ ಬನ್ನಿ, ಆಗಲೇ ರಾಶಿ ಹಾಕಿಕೊಂಡು ಕೂತಿರುತ್ತಾರೆ, ಜನ ಕಮ್ಮಿ ಅಂದೆ. ಸೇರಿನಲ್ಲಿ ಅಳೆದು ಕೊಡುತ್ತಾರೆ, ಬಟ್ಟೆ ಚೀಲ ತನ್ನಿ ಅಂದೆ. "ಎಷ್ಟು ಸೇರಿನ ಚೀಲ?" ಅಂತ ಕೇಳಿದರು.